ಬಲ ಅಂಚಿನಿಂದ ತರಬೇತುದಾರನ ಬೆಂಚಿಗೆ: ಜಾನ್ ವಾನ್ ಟ್ ಸ್ಕಿಪ್ ಅವರ ಫುಟ್‌ಬಾಲ್ ಬದುಕು

ಡಚ್ ಫುಟ್‌ಬಾಲ್ ಎಂದೊಡನೆ ನಮ್ಮ ನೆನಪಿಗೆ ಬರುವುದು ಯೋಹಾನ್ ಕ್ರೈಫ್, ರೂಡ್ ಗುಲಿಟ್, ಮಾರ್ಕೊ ವಾನ್ ಬಾಸ್ಟೆನ್, ಫ್ರಾಂಕ್ ರೈಕಾರ್ಡ್ ಮೊದಲಾದವರ ಹೆಸರುಗಳು. ಇಂದಿನ ಉಪನ್ಯಾಸಕ್ಕೆ ನಾನು ಆರಿಸಿಕೊಂಡಿರುವುದು ಇವರಲ್ಲಿ ಯಾರನ್ನೂ ಅಲ್ಲ; ಈ ನಾಲ್ವರೊಂದಿಗೂ ಆಡಿ, ಅವರಲ್ಲಿ ಇಬ್ಬರ ಕೈಕೆಳಗೆ ಕೆಲಸ ಮಾಡಿ, ತನ್ನ ಹೆಸರು ಮಾತ್ರ ಸದಾ ಎರಡನೆಯ ಸಾಲಿನಲ್ಲೇ ಉಳಿದ ಬಲ ಅಂಚಿನ ಆಟಗಾರ ಜಾನ್ ವಾನ್ ಟ್ ಸ್ಕಿಪ್ ಅವರನ್ನು. ಮೇಧಾವಿಗಳ ಬದುಕನ್ನು ಓದಿದರೆ ನಮಗೆ ತಿಳಿಯುವುದು ಬಹುಪಾಲು ಆ ಮೇಧಾವಿಯ ವಿಷಯವೇ. ಒಂದು ಆಟದ ಪದ್ಧತಿ ಹೇಗೆ ಕೆಲಸ ಮಾಡುತ್ತದೆ, ಅದನ್ನು ಊರಿಂದೂರಿಗೆ ಹೊತ್ತೊಯ್ದರೆ ಎಲ್ಲಿ ಬೇರು ಬಿಡುತ್ತದೆ, ಎಲ್ಲಿ ಒಣಗುತ್ತದೆ ಎಂಬುದನ್ನು ತಿಳಿಯಬೇಕಾದರೆ ಎರಡನೆಯ ಸಾಲಿನವರ ಬದುಕನ್ನೇ ನೋಡಬೇಕು ಎಂಬುದು ನನ್ನ ಅಭಿಪ್ರಾಯ.

1988ರ ಜೂನ್ 12ರಂದು ಪಶ್ಚಿಮ ಜರ್ಮನಿಯ ಕಲೋನ್ ನಗರದಲ್ಲಿ ನೆದರ್‌ಲೆಂಡ್ಸ್ ತಂಡವು ಯೂರೋ ಚಾಂಪಿಯನ್‌ಷಿಪ್‌ನ ತನ್ನ ಮೊದಲ ಪಂದ್ಯವನ್ನು ಸೋವಿಯತ್ ಒಕ್ಕೂಟದ ವಿರುದ್ಧ ಆಡಿತು. ಆ ದಿನ ಕೋಚ್ ರಿನುಸ್ ಮಿಖೆಲ್ಸ್ ಅವರು ಆರಿಸಿದ ಹನ್ನೊಂದು ಮಂದಿಯಲ್ಲಿ ವಾನ್ ಟ್ ಸ್ಕಿಪ್ ಇದ್ದರು, ವಾನ್ ಬಾಸ್ಟೆನ್ ಇರಲಿಲ್ಲ. ಈ ವಿಷಯ ಇಂದು ಹಲವರಿಗೆ ನಂಬಲಿಕ್ಕೂ ಕಷ್ಟವಾದೀತು, ಏಕೆಂದರೆ ಆ ಪಂದ್ಯಾವಳಿ ವಾನ್ ಬಾಸ್ಟೆನ್ ಅವರದೇ ಎಂಬಂತೆ ಚರಿತ್ರೆಯಲ್ಲಿ ದಾಖಲಾಗಿಬಿಟ್ಟಿದೆ. ಗಾಯದಿಂದ ಚೇತರಿಸಿಕೊಂಡು ಬಂದಿದ್ದ ಅವರು ಬೆಂಚಿನ ಮೇಲಿದ್ದರು. ದ್ವಿತೀಯಾರ್ಧದಲ್ಲಿ ಬದಲಿ ಆಟಗಾರನಾಗಿ ಇಳಿದರು. ವಾಸಿಲ್ ರಾಟ್ಸ್ ಹೊಡೆದ ಒಂದೇ ಗೋಲಿನಿಂದ ಸೋವಿಯತ್ ತಂಡ 1–0 ಅಂತರದಲ್ಲಿ ಗೆದ್ದಿತು. ಮೂರು ದಿನಗಳ ಬಳಿಕ ಡ್ಯುಸೆಲ್‌ಡಾರ್ಫ್‌ನಲ್ಲಿ ಇಂಗ್ಲೆಂಡ್ ವಿರುದ್ಧ ಇಳಿಯುವಾಗ ಮಿಖೆಲ್ಸ್ ತಮ್ಮ ತಂಡದ ಆಕಾರವನ್ನೇ ಬದಲಿಸಿದ್ದರು. ಅಂಚಿನಲ್ಲಿ ನಿಲ್ಲುವ ವಾನ್ ಟ್ ಸ್ಕಿಪ್ ಹೊರಗುಳಿದರು, ಮಿಡ್‌ಫೀಲ್ಡ್ ಬಲಪಡಿಸಲು ಎರ್ವಿನ್ ಕೂಮನ್ ಒಳಬಂದರು, ಮುಂದಾಳುಗಳಾಗಿ ಗುಲಿಟ್ ಮತ್ತು ವಾನ್ ಬಾಸ್ಟೆನ್ ಜೋಡಿಯಾದರು. ವಾನ್ ಬಾಸ್ಟೆನ್ ಅಂದು ಮೂರು ಗೋಲು ಹೊಡೆದರು. ನೆದರ್‌ಲೆಂಡ್ಸ್ ಮುಂದೆ ಜೂನ್ 25ರಂದು ಮ್ಯೂನಿಕ್‌ನಲ್ಲಿ ಅದೇ ಸೋವಿಯತ್ ತಂಡವನ್ನು 2–0ಯಿಂದ ಸೋಲಿಸಿ ಪ್ರಶಸ್ತಿ ಗೆದ್ದಿತು. ಆ ದೇಶದ ಪುರುಷರ ತಂಡ ಗೆದ್ದಿರುವ ಏಕೈಕ ದೊಡ್ಡ ಪ್ರಶಸ್ತಿ ಇಂದಿಗೂ ಅದೇ. ವಾನ್ ಟ್ ಸ್ಕಿಪ್ ಅವರ ಕೊರಳಿಗೂ ಪದಕ ಬಿತ್ತು, ಆದರೆ ಮೊದಲ ಹನ್ನೊಂದರಲ್ಲಿ ಅವರಿಗೆ ಮತ್ತೆ ಸ್ಥಾನ ಸಿಗಲಿಲ್ಲ.

ಇದನ್ನು ಒಬ್ಬ ಆಟಗಾರನ ದುರದೃಷ್ಟ ಎಂದಷ್ಟೇ ನೋಡಬಾರದು. 4-3-3 ಪದ್ಧತಿಯನ್ನೂ (ನಾಲ್ವರು ರಕ್ಷಕರು, ನಡುವೆ ಮೂವರು, ಮುಂದೆ ಮೂವರು) ಅಂಚಿನ ಆಟಗಾರರನ್ನೂ ಜಗತ್ತಿಗೆ ಒಪ್ಪಿಸಿದ ದೇಶವೇ, ಪ್ರಶಸ್ತಿ ಗೆಲ್ಲುವ ಒತ್ತಡ ಬಂದಾಗ, ಒಬ್ಬ ವಿಂಗರ್‌ನನ್ನು, ಅಂದರೆ ಅಂಚಿನ ಆಟಗಾರನನ್ನು, ತೆಗೆದು ಮಿಡ್‌ಫೀಲ್ಡ್‌ಗೆ ಇನ್ನೊಬ್ಬನನ್ನು ಸೇರಿಸಿಕೊಂಡಿತು. ಆ ಬದಲಾವಣೆಯಿಂದ ಗೆಲುವೂ ಸಿಕ್ಕಿತು. ಮುಂದಿನ ಮೂವತ್ತೈದು ವರ್ಷಗಳ ಕಾಲ ವಾನ್ ಟ್ ಸ್ಕಿಪ್ ಅವರ ಬದುಕಿನಲ್ಲಿ ಈ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಎದುರಾಗುತ್ತಲೇ ಹೋಯಿತು: ಮೈದಾನವನ್ನು ಅಗಲಿಸಿ ಆಡುವ ಆಟಕ್ಕೆ ಬದ್ಧರಾಗಿರಬೇಕೋ, ಅಂದಿನ ಫಲಿತಾಂಶಕ್ಕೆ ತಕ್ಕಂತೆ ಅದನ್ನು ಸಡಿಲಿಸಬೇಕೋ?

ಅವರು ಹುಟ್ಟಿದ್ದು ನೆದರ್‌ಲೆಂಡ್ಸ್‌ನಲ್ಲಲ್ಲ. ಕೆನಡಾಕ್ಕೆ ವಲಸೆ ಹೋಗಿದ್ದ ಡಚ್ ದಂಪತಿಯ ಮಗನಾಗಿ 1963ರ ಡಿಸೆಂಬರ್ 30ರಂದು ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಫೋರ್ಟ್ ಸೇಂಟ್ ಜಾನ್ ಎಂಬ ಊರಿನಲ್ಲಿ ಜನಿಸಿದರು. ಬಾಲ್ಯದಲ್ಲೇ ಕುಟುಂಬ ತಾಯ್ನಾಡಿಗೆ ಮರಳಿದ್ದರಿಂದ ಅವರ ಫುಟ್‌ಬಾಲ್ ಶಿಕ್ಷಣವೆಲ್ಲ ನಡೆದದ್ದು ಆಮ್‌ಸ್ಟರ್‌ಡ್ಯಾಮ್‌ನ ಅಯಾಕ್ಸ್ ಕ್ಲಬ್ಬಿನ ಮಡಿಲಲ್ಲಿ. ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ: ಕೆನಡಾ ತನ್ನ ಮೊದಲ ವಿಶ್ವಕಪ್ ಆಡಿದ್ದು 1986ರಲ್ಲಿ, ವಾನ್ ಟ್ ಸ್ಕಿಪ್ ಡಚ್ ತಂಡಕ್ಕೆ ಮೊದಲ ಸಲ ಆಡಿದ್ದೂ ಅದೇ ವರ್ಷ, ಆದರೆ ಆ ವಿಶ್ವಕಪ್‌ಗೆ ನೆದರ್‌ಲೆಂಡ್ಸ್ ಅರ್ಹತೆ ಪಡೆದಿರಲಿಲ್ಲ.

ಅಯಾಕ್ಸ್ ಹಿರಿಯರ ತಂಡಕ್ಕೆ ಅವರು ಬಂದದ್ದು 1981–82ರ ಋತುವಿನಲ್ಲಿ. ಆ ಋತುವಿನ ಮಹತ್ವ ಡಚ್ ಫುಟ್‌ಬಾಲ್ ಬಲ್ಲವರಿಗೆ ಗೊತ್ತು. ಬಾರ್ಸಿಲೋನಾ, ಅಮೆರಿಕ ಎಲ್ಲ ಸುತ್ತಿ ಮೂವತ್ತನಾಲ್ಕು ದಾಟಿದ್ದ ಕ್ರೈಫ್ 1981ರ ಡಿಸೆಂಬರ್‌ನಲ್ಲಿ ಅಯಾಕ್ಸ್‌ಗೆ ಮರಳಿದರು. 1982ರ ಏಪ್ರಿಲ್‌ನಲ್ಲಿ ಅದೇ ಕ್ರೈಫ್ ಅವರ ಬದಲಿಗೆ ಮೈದಾನಕ್ಕಿಳಿದು ಹದಿನೇಳರ ಹುಡುಗ ವಾನ್ ಬಾಸ್ಟೆನ್ ತನ್ನ ಮೊದಲ ಪಂದ್ಯ ಆಡಿದ. ಗೆರಾಲ್ಡ್ ವಾನೆನ್‌ಬರ್ಗ್, ರೈಕಾರ್ಡ್, ವಾನ್ ಟ್ ಸ್ಕಿಪ್ ಎಲ್ಲರೂ ಆ ಹೊತ್ತಿನ ಹುಡುಗರೇ. ಪಂದ್ಯದ ನಡುವೆ ಎಲ್ಲಿ ನಿಲ್ಲಬೇಕು, ಚೆಂಡು ಇಲ್ಲದಾಗ ಎತ್ತ ಓಡಬೇಕು ಎಂದು ಕೈ ಚಾಚಿ ತೋರಿಸುತ್ತಲೇ ಆಡುತ್ತಿದ್ದ ಹಿರಿಯನ ಪಕ್ಕದಲ್ಲಿ ಈ ಪೀಳಿಗೆ ಬೆಳೆಯಿತು. 1982, 1983 ಮತ್ತು 1985ರಲ್ಲಿ ಅಯಾಕ್ಸ್ ಲೀಗ್ ಗೆದ್ದಿತು.

1985ರಲ್ಲಿ ಕ್ರೈಫ್ ಅದೇ ಕ್ಲಬ್ಬಿಗೆ ತರಬೇತುದಾರರಾಗಿ ಬಂದರು. ಅಗತ್ಯವಾದ ಡಿಪ್ಲೊಮಾ ಅವರ ಬಳಿ ಇರಲಿಲ್ಲವಾದ್ದರಿಂದ ಹುದ್ದೆಯ ಹೆಸರು ಮಾತ್ರ ತಾಂತ್ರಿಕ ನಿರ್ದೇಶಕ ಎಂದಿತ್ತು. ಅವರ ಮೊದಲ ಋತುವಿನಲ್ಲಿ ಅಯಾಕ್ಸ್ ಲೀಗಿನ 34 ಪಂದ್ಯಗಳಲ್ಲಿ 120 ಗೋಲು ಹೊಡೆದೂ ಪಿಎಸ್‌ವಿ ಐಂದ್‌ಹೋವನ್‌ಗೆ ಪ್ರಶಸ್ತಿ ಬಿಟ್ಟುಕೊಟ್ಟಿತು. ಆ ಲೆಕ್ಕವನ್ನು ನೋಡಿದರೆ ನನಗೆ ಇಂದಿಗೂ ನಗು ಬರುತ್ತದೆ; ಅಯಾಕ್ಸ್ ಪದ್ಧತಿಯ ಹಿರಿಮೆ ಮತ್ತು ಹುಚ್ಚು ಎರಡೂ ಆ ಒಂದೇ ಅಂಕಿಯಲ್ಲಿವೆ.

ಈ ಪದ್ಧತಿಯಲ್ಲಿ ವಿಂಗರ್‌ನ ಕೆಲಸವೇನು ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಇಂದಿನ ಆಟ ನೋಡಿ ಬೆಳೆದವರಿಗೆ ಅದು ಬೇರೆಯೇ ಆಗಿ ಕಾಣುತ್ತದೆ. ಈಗ ಎಡಗಾಲಿನವನನ್ನು ಬಲ ಅಂಚಿಗೂ ಬಲಗಾಲಿನವನನ್ನು ಎಡ ಅಂಚಿಗೂ ಹಾಕುತ್ತಾರೆ, ಅವನು ಒಳಕ್ಕೆ ತಿರುಗಿ ಗೋಲಿಗೆ ಹೊಡೆಯಲಿ ಎಂದು. ವಾನ್ ಟ್ ಸ್ಕಿಪ್ ಬಲ ಅಂಚಿನಲ್ಲಿ ಆಡಿದ ಬಲಗಾಲಿನವರು. ಅವರ ಗುರಿ ಗೋಲ್‌ಲೈನ್ ತನಕ ಹೋಗಿ ಚೆಂಡನ್ನು ಹಿಂದಕ್ಕೆ, ಒಳಕ್ಕೆ ಕ್ರಾಸ್ ಮಾಡುವುದು. ದೊಡ್ಡ ಪಂದ್ಯಗಳ ಮೈದಾನ 105 ಮೀಟರ್ ಉದ್ದ, 68 ಮೀಟರ್ ಅಗಲವಿರುತ್ತದೆ. ಇಬ್ಬರು ವಿಂಗರ್‌ಗಳು ಎರಡೂ ಟಚ್‌ಲೈನ್‌ಗೆ (ಮೈದಾನದ ಉದ್ದದ ಅಂಚುಗೆರೆಗೆ) ಅಂಟಿಕೊಂಡು ನಿಂತರೆ ಎದುರಾಳಿಯ ನಾಲ್ವರು ರಕ್ಷಕರು ಆ 68 ಮೀಟರನ್ನೂ ಕಾಯಬೇಕಾಗುತ್ತದೆ, ಅವರ ನಡುವಿನ ಸಂದುಗಳು ಅಗಲವಾಗುತ್ತವೆ, ಆ ಸಂದಿಗೆ ನಡುವಿನ ಆಟಗಾರ ನುಗ್ಗುತ್ತಾನೆ. ಹೀಗಾಗಿ ವಿಂಗರ್ ಹತ್ತು ನಿಮಿಷ ಚೆಂಡು ಮುಟ್ಟದೆ ನಿಂತರೂ ಅವನು ಕೆಲಸ ಮಾಡುತ್ತಲೇ ಇರುತ್ತಾನೆ. ಅಂಚಿನಲ್ಲಿ ಕಾಯುತ್ತ ನಿಲ್ಲುವ ಈ ತಾಳ್ಮೆ ಪ್ರೇಕ್ಷಕರಿಗೆ ಕಾಣುವುದಿಲ್ಲ, ಮರುದಿನದ ವರದಿಯಲ್ಲೂ ಬರುವುದಿಲ್ಲ.

ಚೆಂಡು ಸಿಕ್ಕ ಮೇಲಿನದು ಕಾಣುವ ಕೆಲಸ. ವಾನ್ ಟ್ ಸ್ಕಿಪ್ ಅವರು ಡಚ್ ಪ್ರೇಕ್ಷಕರ ನೆನಪಿನಲ್ಲಿ ಉಳಿದಿರುವುದು ಒಂದು ಕಾಲ್ಚಳಕದಿಂದ. ಚೆಂಡನ್ನು ನಿಧಾನವಾಗಿ ಉರುಳಿಸುತ್ತ ಎದುರಾಳಿ ಬ್ಯಾಕ್‌ನ (ರಕ್ಷಕನ) ಹತ್ತಿರಕ್ಕೆ, ಅವನು ಕಾಲು ಚಾಚಿದರೆ ಸಿಕ್ಕೀತು ಅನ್ನಿಸುವಷ್ಟು ಹತ್ತಿರಕ್ಕೆ ಹೋಗುವುದು; ಅಲ್ಲಿ ಒಂದು ಕಾಲನ್ನು ಚೆಂಡಿನ ಸುತ್ತ, ಅದನ್ನು ಮುಟ್ಟದೆ, ಕತ್ತರಿಯಾಡಿಸಿದಂತೆ ಬೀಸುವುದು, ಜೊತೆಗೆ ಭುಜವನ್ನೂ ಆ ಕಡೆಗೆ ವಾಲಿಸುವುದು. ಬ್ಯಾಕ್‌ನ ದೇಹದ ಭಾರ ಆ ದಿಕ್ಕಿನ ಕಾಲಿನ ಮೇಲೆ ಬಿದ್ದ ಕ್ಷಣದಲ್ಲೇ ಚೆಂಡನ್ನು ಇನ್ನೊಂದು ಕಡೆಗೆ ತಳ್ಳಿ ಅವನನ್ನು ದಾಟುವುದು. ಇದರಲ್ಲಿ ವೇಗಕ್ಕಿಂತ ಗಳಿಗೆ ಮುಖ್ಯ. ಅವರು ಬಿರುಗಾಳಿಯಂತೆ ಓಡುವ ವಿಂಗರ್ ಆಗಿರಲಿಲ್ಲ. ಎತ್ತರದ ಮೈಕಟ್ಟಿನವರಾದರೂ ಎದುರಾಳಿಯನ್ನು ದಾಟುತ್ತಿದ್ದುದು ಅವನ ಸಮತೋಲವನ್ನು ಓದಿ. ಓಡಿ ದಾಟುವವನ ಆಟ ಮೂವತ್ತರ ಹೊತ್ತಿಗೆ ಮುಗಿಯುತ್ತದೆ, ಓದಿ ದಾಟುವವನು ಮುಂದೆ ಕೋಚ್ ಆಗಬಲ್ಲ ಎಂದು ನಾನು ಬಲ್ಲವರ ಮುಂದೆ ವಾದಿಸಿದ್ದೇನೆ, ಅವರು ಒಪ್ಪಿಲ್ಲ.

1987ರ ಮೇ 13ರಂದು ಅಥೆನ್ಸ್‌ನಲ್ಲಿ ಪೂರ್ವ ಜರ್ಮನಿಯ ಲೊಕೊಮೋಟಿವ್ ಲೈಪ್‌ಜಿಗ್ ವಿರುದ್ಧ ಯುರೋಪಿನ ಕ್ಲಬ್ಬುಗಳ ಪಂದ್ಯಾವಳಿಯಾದ ಕಪ್ ವಿನ್ನರ್ಸ್ ಕಪ್ ಫೈನಲ್ ನಡೆಯಿತು. ವಾನ್ ಟ್ ಸ್ಕಿಪ್ ಬಲ ಅಂಚಿನಲ್ಲಿ, ರಾಬ್ ವಿತ್ಸ್‌ಖೆ ಎಡ ಅಂಚಿನಲ್ಲಿ, ನಡುವೆ ವಾನ್ ಬಾಸ್ಟೆನ್. ವಾನ್ ಬಾಸ್ಟೆನ್ ತಲೆಯಿಂದ ಹೊಡೆದ ಗೋಲಿನಿಂದ ಅಯಾಕ್ಸ್ 1–0 ಅಂತರದಲ್ಲಿ ಗೆದ್ದಿತು. ಆ ಬೇಸಿಗೆಯಲ್ಲೇ ವಾನ್ ಬಾಸ್ಟೆನ್ ಮಿಲಾನ್‌ಗೆ ಹೋದರು, ಕೆಲವೇ ತಿಂಗಳಲ್ಲಿ ರೈಕಾರ್ಡ್ ಕ್ರೈಫ್ ಅವರೊಂದಿಗೆ ಜಗಳವಾಡಿ ಹೊರನಡೆದರು, 1988ರ ಜನವರಿಯಲ್ಲಿ ಕ್ರೈಫ್ ತಾವೇ ಹೋದರು. ವಾನ್ ಟ್ ಸ್ಕಿಪ್ ಉಳಿದರು. ಗೆಳೆಯರೆಲ್ಲ ದೊಡ್ಡ ಪಟ್ಟಣ ಸೇರಿದ ಮೇಲೂ ಊರಲ್ಲೇ ನಿಂತವನ ಹಾಗೆ ಅವರು ಒಟ್ಟು ಹನ್ನೊಂದು ಋತುಗಳನ್ನು ಅಯಾಕ್ಸ್‌ನಲ್ಲಿ ಕಳೆದರು; 1990ರ ಲೀಗ್ ಪ್ರಶಸ್ತಿ, ಯುರೋಪಿನ ಕ್ಲಬ್ಬುಗಳ ಇನ್ನೊಂದು ಪಂದ್ಯಾವಳಿಯಾದ ಯುಇಎಫ್‌ಎ ಕಪ್ (1992) ಎರಡರಲ್ಲೂ ಅವರ ಪಾಲಿದೆ.

ರಾಷ್ಟ್ರೀಯ ತಂಡದಲ್ಲಿ ಅವರು ಆಡಿದ್ದು 41 ಪಂದ್ಯ, ಹೊಡೆದದ್ದು ಎರಡು ಗೋಲು. ದೂರದರ್ಶನದಲ್ಲಿ 1990ರ ವಿಶ್ವಕಪ್ ನೋಡಿದ ನಮ್ಮ ಪೀಳಿಗೆಯ ಕನ್ನಡಿಗರು ಅವರನ್ನು ನೋಡಿಯೇ ಇರುತ್ತಾರೆ, ಹೆಸರು ನೆನಪಿರಲಿಕ್ಕಿಲ್ಲ. ಮಿಲಾನ್‌ನಲ್ಲಿ ಪಶ್ಚಿಮ ಜರ್ಮನಿ ವಿರುದ್ಧ ನಡೆದ ನಾಕೌಟ್ ಪಂದ್ಯ, ರೈಕಾರ್ಡ್ ರೂಡಿ ಫೋಲರ್ ಮೇಲೆ ಉಗಿದು ಇಬ್ಬರೂ ಕೆಂಪು ಕಾರ್ಡ್ ಪಡೆದು ಹೊರಹೋದ ಆ ಪಂದ್ಯದಲ್ಲಿ ಅವರು ಆಡಿದ್ದರು. ಎಲ್ಲರ ಕಣ್ಣೂ ಉಗುಳಿನ ಮೇಲಿತ್ತು. ಬಲ ಅಂಚಿನಲ್ಲಿ ಯಾರಿದ್ದರು ಎಂದು ನೋಡಿದವರು ಕಡಿಮೆ.

1992ರ ಯುಇಎಫ್‌ಎ ಕಪ್ ಸೆಮಿಫೈನಲ್‌ನಲ್ಲಿ ಅಯಾಕ್ಸ್ ಸೋಲಿಸಿದ್ದು ಇಟಲಿಯ ಜೆನೋವಾ ತಂಡವನ್ನು. ಅದೇ ಬೇಸಿಗೆಯಲ್ಲಿ ವಾನ್ ಟ್ ಸ್ಕಿಪ್ ಆ ಜೆನೋವಾಕ್ಕೇ ಸೇರಿದರು. ಅಂದಿನ ಇಟಲಿ ಲೀಗ್ ಜಗತ್ತಿನಲ್ಲೇ ಕಠಿಣವಾದದ್ದು. ಅಲ್ಲಿ ಅಂಚಿನಲ್ಲಿ ಕಾಯುತ್ತ ನಿಲ್ಲುವ ಆಟಗಾರನಿಗೆ ಜಾಗವಿರಲಿಲ್ಲ. ಹಿಂದಕ್ಕೆ ಓಡಿ ಬ್ಯಾಕ್‌ಗೆ ನೆರವಾಗಬೇಕು, ಮಿಡ್‌ಫೀಲ್ಡ್‌ನಲ್ಲಿ ಸಾಲು ಕಟ್ಟಬೇಕು. 1995ರಲ್ಲಿ ಪಾಡೊವಾ ವಿರುದ್ಧದ ನಿರ್ಣಾಯಕ ಪಂದ್ಯವನ್ನು ಪೆನಾಲ್ಟಿಯಲ್ಲಿ ಸೋತು ಜೆನೋವಾ ಎರಡನೆಯ ದರ್ಜೆಗೆ ಇಳಿಯಿತು. 1996ರಲ್ಲಿ ಅವರು ಆಟ ನಿಲ್ಲಿಸಿದರು. ಆ ನಾಲ್ಕು ವರ್ಷಗಳಿಂದ ಅವರಿಗೆ ದೊರೆತ ದೊಡ್ಡ ಲಾಭವೆಂದರೆ, ಅಯಾಕ್ಸ್ ಪದ್ಧತಿಯನ್ನು ಅದರ ಎದುರಾಳಿಗಳ ಕಣ್ಣಿನಿಂದ ನೋಡುವ ಅವಕಾಶ ಎಂದು ನಾನು ಭಾವಿಸುತ್ತೇನೆ.

ತರಬೇತುದಾರನಾಗಿ ಅವರ ಮೊದಲ ವರ್ಷಗಳು ಅಯಾಕ್ಸ್‌ನ ಕಿರಿಯರ ತಂಡಗಳಲ್ಲಿ ಕಳೆದವು. ನಡುವೆ 2001–02ರಲ್ಲಿ ಎಫ್‌ಸಿ ಟ್ವೆಂಟೆ ತಂಡದ ಮುಖ್ಯ ಕೋಚ್ ಆದರು. ಅದು ಒಂದೇ ಋತು ನಡೆಯಿತು. ಮತ್ತೆ ಅಯಾಕ್ಸ್‌ನ ಮೀಸಲು ತಂಡಕ್ಕೆ ಮರಳಿದಾಗ ಜೊತೆಗೆ ವಾನ್ ಬಾಸ್ಟೆನ್ ಇದ್ದರು. 2004ರ ಜುಲೈನಲ್ಲಿ, ಮುಖ್ಯ ಕೋಚ್ ಆಗಿ ಒಂದೇ ಒಂದು ಹಿರಿಯರ ಪಂದ್ಯದ ಅನುಭವವೂ ಇಲ್ಲದ ವಾನ್ ಬಾಸ್ಟೆನ್ ಅವರನ್ನು ಡಚ್ ಫುಟ್‌ಬಾಲ್ ಸಂಸ್ಥೆ ರಾಷ್ಟ್ರೀಯ ತಂಡಕ್ಕೆ ನೇಮಿಸಿತು. ಸಹಾಯಕರಾಗಿ ಅವರು ಆರಿಸಿಕೊಂಡದ್ದು ವಾನ್ ಟ್ ಸ್ಕಿಪ್ ಅವರನ್ನು. ಕ್ರೈಫ್ ಬಲಗೈಯಾಗಿ ಯಾರಿರಬೇಕು, ವಾನ್ ಬಾಸ್ಟೆನ್ ಬಲಗೈಯಾಗಿ ಯಾರಿರಬೇಕು ಎಂಬುದೆಲ್ಲ ಆ ದೇಶದಲ್ಲಿ ಹೋಟೆಲು ಹರಟೆಯ ವಿಷಯ.

2006ರ ವಿಶ್ವಕಪ್‌ನಲ್ಲಿ ಆ ತಂಡ ಮೂವರು ಮುಂದಾಳುಗಳ ಹಳೆಯ ಪದ್ಧತಿಯಲ್ಲೇ ಆಡಿತು, ನ್ಯೂರೆಂಬರ್ಗ್‌ನಲ್ಲಿ ಪೋರ್ಚುಗಲ್‌ಗೆ 1–0ಯಿಂದ ಸೋತು ಹೊರಬಿತ್ತು. ಆ ಪಂದ್ಯ ಉಳಿದಿರುವುದು ನಾಲ್ಕು ಕೆಂಪು, ಹದಿನಾರು ಹಳದಿ ಕಾರ್ಡುಗಳ ಕಾರಣಕ್ಕೆ. 2008ರ ಯೂರೋಗೆ ಬರುವ ಹೊತ್ತಿಗೆ ಪದ್ಧತಿ 4-2-3-1 ಆಗಿತ್ತು, ಅಂದರೆ ರಕ್ಷಕರ ಮುಂದೆ ಇಬ್ಬರು ಕಾವಲು, ತುದಿಯಲ್ಲಿ ಒಬ್ಬನೇ ಮುಂದಾಳು. ಇಟಲಿಯನ್ನು 3–0, ಫ್ರಾನ್ಸನ್ನು 4–1, ರೊಮೇನಿಯಾವನ್ನು 2–0 ಅಂತರದಿಂದ ಸೋಲಿಸಿದ ತಂಡ, ಬಾಸೆಲ್‌ನ ಕ್ವಾರ್ಟರ್ ಫೈನಲ್‌ನಲ್ಲಿ ಹೆಚ್ಚುವರಿ ಸಮಯದಲ್ಲಿ ರಷ್ಯಾಕ್ಕೆ 3–1ರಿಂದ ಸೋತಿತು. ರಷ್ಯಾದ ಕೋಚ್ ಗೂಸ್ ಹಿಡ್ಡಿಂಕ್ ಕೂಡ ಡಚ್ಚರೇ. ಇಬ್ಬರು ಹಳೆಯ ಅಯಾಕ್ಸ್ ಆಟಗಾರರು ಬೆಂಚಿನಲ್ಲಿ ಕೂತು, ಮಿಡ್‌ಫೀಲ್ಡ್‌ಗೆ ಕಾವಲಿಬ್ಬರನ್ನು ಹಾಕಿ, ಎದುರಾಳಿ ಮುನ್ನುಗ್ಗಿದಾಗ ಮರುದಾಳಿ ಮಾಡಿ ಇಟಲಿ, ಫ್ರಾನ್ಸ್‌ಗಳನ್ನು ಕೆಡವಿದ ಆ ಎರಡು ವಾರಗಳು, ಇಪ್ಪತ್ತು ವರ್ಷ ಹಿಂದೆ ಮಿಖೆಲ್ಸ್ ಮಾಡಿಕೊಂಡ ರಾಜಿಯ ಇನ್ನೊಂದು ರೂಪ.

ಆ ಬಳಿಕ ಇಬ್ಬರೂ ಅಯಾಕ್ಸ್‌ಗೆ ಹೋದರು. 2009ರ ಮೇ ತಿಂಗಳಲ್ಲಿ, ಋತು ಮುಗಿಯುವ ಮೊದಲೇ ವಾನ್ ಬಾಸ್ಟೆನ್ ರಾಜೀನಾಮೆ ಕೊಟ್ಟಾಗ ಉಳಿದ ಪಂದ್ಯಗಳ ಹೊಣೆ ವಾನ್ ಟ್ ಸ್ಕಿಪ್ ಮೇಲೆ ಬಿತ್ತು. ಹಂಗಾಮಿ ಕೋಚ್ ಎಂಬ ಪದವಿ ಅವರಿಗೆ ದೊರೆತದ್ದು ಇದು ಮೊದಲ ಸಲ, ಕೊನೆಯ ಸಲವಲ್ಲ.

ಈಗ ಮೆಲ್ಬರ್ನ್ ಕಥೆ. ಅವರ ತರಬೇತಿ ಬದುಕಿನಲ್ಲಿ ನಿಜಕ್ಕೂ ಅವರದೇ ಎನ್ನಬಹುದಾದ ಅಧ್ಯಾಯ ಇದೊಂದೇ ಎಂದು ನನಗೆ ಅನ್ನಿಸುವುದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಆಸ್ಟ್ರೇಲಿಯಾದ ಎ-ಲೀಗ್ 2010ರಲ್ಲಿ ಮೆಲ್ಬರ್ನ್‌ಗೆ ಎರಡನೆಯ ತಂಡ ಕೊಟ್ಟಿತು. ಮೆಲ್ಬರ್ನ್ ಹಾರ್ಟ್ ಎಂಬ ಹೆಸರಿನ, ಅಯಾಕ್ಸ್‌ನಂತೆಯೇ ಕೆಂಪು ಬಿಳಿ ಅಂಗಿಯ ಆ ಕ್ಲಬ್ಬಿಗೆ ಮೈದಾನದಲ್ಲಿ ಇನ್ನೂ ಒಂದು ಚೆಂಡು ಉರುಳುವ ಮೊದಲೇ ನೇಮಕವಾದ ಕೋಚ್ ವಾನ್ ಟ್ ಸ್ಕಿಪ್. ಅಭಿಮಾನಿಗಳಿಲ್ಲ, ಚರಿತ್ರೆಯಿಲ್ಲ, ಎದುರಿಗೆ ಅದಾಗಲೇ ಎರಡು ಸಲ ಚಾಂಪಿಯನ್ ಆಗಿದ್ದ ಮೆಲ್ಬರ್ನ್ ವಿಕ್ಟರಿ. ಸಂಬಳಕ್ಕೆ ಮಿತಿಯಿರುವ ಲೀಗ್ ಅದು; ಹಣ ಸುರಿದು ತಂಡ ಕಟ್ಟುವಂತಿಲ್ಲ. ಆದರೆ ಕೆಳದರ್ಜೆಗೆ ಇಳಿಯುವ ಭಯವೂ ಇಲ್ಲ, ಹಾಗಾಗಿ ಕಲಿಸುವ ಕೋಚ್‌ಗೆ ಒಂದಿಷ್ಟು ಪುರುಸೊತ್ತು ಸಿಗುತ್ತದೆ. ಅವರು ಹಳೆಯ ಅಯಾಕ್ಸ್ ಮುಂದಾಳು ಗೆರಾಲ್ಡ್ ಸಿಬೊನ್, ಆಸ್ಟ್ರೇಲಿಯಾದ ಹಿರಿಯರಾದ ಜೋಸಿಪ್ ಸ್ಕೊಕೊ, ಜಾನ್ ಅಲೊಯಿಸಿ ಅಂಥವರ ಸುತ್ತ ಅಜೀಜ್ ಬೆಹಿಚ್‌ನಂತಹ ಹುಡುಗರನ್ನು ಬೆಳೆಸಿದರು. ಬೆಹಿಚ್ ಮುಂದೆ ಆಸ್ಟ್ರೇಲಿಯಾಕ್ಕೆ ವಿಶ್ವಕಪ್ ಆಡಿದವರು. 2010ರ ಅಕ್ಟೋಬರ್‌ನಲ್ಲಿ ನಡೆದ ಊರಿನ ಮೊದಲ ಡರ್ಬಿಯನ್ನು, ಅಂದರೆ ವಿಕ್ಟರಿ ವಿರುದ್ಧದ ಪಂದ್ಯವನ್ನು, ಹೊಸ ತಂಡ 2–1ರಿಂದ ಗೆದ್ದಿತು. ಎರಡನೆಯ ಋತುವಿನಲ್ಲಿ ಆರನೆಯ ಸ್ಥಾನ ಪಡೆದು, ಲೀಗ್ ಮುಗಿದ ಮೇಲೆ ಮೇಲಿನ ತಂಡಗಳ ನಡುವೆ ನಡೆಯುವ ಫೈನಲ್ಸ್ ಸುತ್ತಿಗೆ ಬಂತು.

ಅಷ್ಟರಲ್ಲಿ ಮೆಕ್ಸಿಕೊದಿಂದ ಕರೆ ಬಂತು. ಗ್ವಾದಲಹಾರದ ಚಿವಾಸ್ ಕ್ಲಬ್ಬಿನ ಮಾಲೀಕ ಹೋರ್ಹೆ ವೆರ್ಗಾರ 2012ರಲ್ಲಿ ಕ್ರೈಫ್ ಅವರನ್ನು ಸಲಹೆಗಾರರನ್ನಾಗಿ ತಂದಿದ್ದರು. ಕ್ರೈಫ್ ತಮ್ಮ ಹಳೆಯ ವಿಂಗರ್‌ನನ್ನು ಕೋಚ್ ಆಗಿ ಕರೆಸಿಕೊಂಡರು. ಮೆಕ್ಸಿಕನ್ನರನ್ನು ಮಾತ್ರ ಆಡಿಸುವ, ದೇಶದ ತುಂಬ ಅಭಿಮಾನಿಗಳಿರುವ, ಪ್ರತಿ ಸೋಲೂ ಮರುದಿನದ ಪತ್ರಿಕೆಯ ಮುಖಪುಟಕ್ಕೆ ಏರುವ ಕ್ಲಬ್ಬು ಅದು. ಅಲ್ಲಿ ವರ್ಷಕ್ಕೆ ಎರಡು ಪ್ರತ್ಯೇಕ ಲೀಗ್‌ಗಳು ನಡೆಯುವುದರಿಂದ ಪದ್ಧತಿ ನೆಲೆಯೂರಲು ಕೇಳುವ ಕಾಲಾವಕಾಶವೇ ಇಲ್ಲ. ಡಿಸೆಂಬರ್‌ನಲ್ಲಿ ಕ್ರೈಫ್ ಅವರ ಒಪ್ಪಂದ ರದ್ದಾಯಿತು, 2013ರ ಜನವರಿಯಲ್ಲಿ ವಾನ್ ಟ್ ಸ್ಕಿಪ್ ಅವರನ್ನೂ ಮನೆಗೆ ಕಳಿಸಿದರು. ತಂದವರು ಹೋದ ಮೇಲೆ ಬಂದವರು ಎಷ್ಟು ದಿನ?

2013ರ ಕೊನೆಯಲ್ಲಿ ಮೆಲ್ಬರ್ನ್ ಹಾರ್ಟ್ ಒಂದೂ ಗೆಲುವಿಲ್ಲದೆ ಪಟ್ಟಿಯ ತಳದಲ್ಲಿ ಬಿದ್ದಿತ್ತು. ಕೋಚ್ ಆಗಿದ್ದ ಅಲೊಯಿಸಿಯನ್ನು ಕೆಳಗಿಳಿಸಿ ಮತ್ತೆ ವಾನ್ ಟ್ ಸ್ಕಿಪ್ ಅವರಿಗೆ ತಂಡ ಒಪ್ಪಿಸಿದರು, ತಂಡ ಗೆಲ್ಲತೊಡಗಿತು. 2014ರ ಜನವರಿಯಲ್ಲಿ ಮ್ಯಾಂಚೆಸ್ಟರ್ ಸಿಟಿಯ ಒಡೆಯ ಸಂಸ್ಥೆಯಾದ ಸಿಟಿ ಫುಟ್‌ಬಾಲ್ ಗ್ರೂಪ್ ಕ್ಲಬ್ಬನ್ನು ಕೊಂಡಿತು, ಹೆಸರು ಮೆಲ್ಬರ್ನ್ ಸಿಟಿ ಆಯಿತು, ಕೆಂಪಿನ ಜಾಗಕ್ಕೆ ಆಕಾಶನೀಲಿ ಬಂತು. ನಮ್ಮ ಮುಂಬೈ ಸಿಟಿ ಎಫ್‌ಸಿಯ ಬಹುಪಾಲು ಒಡೆತನವನ್ನು 2019ರಲ್ಲಿ ಪಡೆದದ್ದೂ ಇದೇ ಗುಂಪು. ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ನೋಡುವವರಿಗೆ ಆ ಬಣ್ಣ, ಆ ವ್ಯವಹಾರದ ರೀತಿ ಎರಡೂ ಪರಿಚಿತ. ಅದರ ಮೊದಲ ರುಚಿ ವಾನ್ ಟ್ ಸ್ಕಿಪ್ ಅವರಿಗೆ ಬೇಗನೆ ಸಿಕ್ಕಿತು. ಸ್ಪೇನ್‌ನ ವಿಶ್ವಕಪ್ ವಿಜೇತ ಡೇವಿಡ್ ವಿಯಾ ಅವರು ಗುಂಪಿನ ನ್ಯೂಯಾರ್ಕ್ ತಂಡದಿಂದ ಹತ್ತು ಪಂದ್ಯಗಳಿಗೆಂದು ಎರವಲು ಬಂದರು, ನಾಲ್ಕು ಪಂದ್ಯ ಆಡಿ ಎರಡು ಗೋಲು ಹೊಡೆದು ವಾಪಸು ಹೋದರು. ಋತುವಿನ ಲೆಕ್ಕಾಚಾರವನ್ನು ಒಬ್ಬ ಆಟಗಾರನ ಸುತ್ತ ಕಟ್ಟಿದ ಕೋಚ್, ಅದನ್ನು ನಡುವೆಯೇ ಬಿಚ್ಚಿ ಮತ್ತೆ ಹೆಣೆಯಬೇಕಾಯಿತು.

ಆದರೂ 2015–16ರಲ್ಲಿ ಅವರ ಮೆಲ್ಬರ್ನ್ ಸಿಟಿ ಆಡಿದ ಆಟ, ನನ್ನ ಕಣ್ಣಿಗೆ, ಅವರ ಕೋಚ್ ಬದುಕಿನ ಶಿಖರ. ಲೀಗಿನ 27 ಪಂದ್ಯಗಳಲ್ಲಿ 63 ಗೋಲು, ಉರುಗ್ವೆಯ ಮುಂದಾಳು ಬ್ರೂನೊ ಫೊರ್ನರೋಲಿಯೊಬ್ಬನದೇ 23. ನಡುವಿನಲ್ಲಿ ಆರನ್ ಮೂಯ್ ಚೆಂಡು ಹಂಚುತ್ತಿದ್ದ. ಮುಂದೆ ಇಂಗ್ಲೆಂಡಿಗೆ ಹೋಗಿ ಹಡರ್ಸ್‌ಫೀಲ್ಡ್ ತಂಡವನ್ನು ಪ್ರೀಮಿಯರ್ ಲೀಗಿಗೆ ಏರಿಸಿದವರಲ್ಲಿ ಅವನೂ ಒಬ್ಬ. ಇಷ್ಟು ಗೋಲು ಹೊಡೆದ ತಂಡ ಲೀಗ್ ಗೆಲ್ಲಲಿಲ್ಲ, ನಾಲ್ಕನೆಯ ಸ್ಥಾನ ಪಡೆಯಿತು, ಸೆಮಿಫೈನಲ್‌ನಲ್ಲಿ ಅಡಿಲೇಡ್‌ಗೆ 4–1ರಿಂದ ಸೋತಿತು. 120 ಗೋಲು ಹೊಡೆದು ಎರಡನೆಯ ಸ್ಥಾನ ಪಡೆದ ಅಯಾಕ್ಸ್‌ನಲ್ಲಿ ಆಡಿದವನ ಶಿಷ್ಯರು ಮತ್ತೆ ಹೇಗಿರಬೇಕಿತ್ತು!

ಪ್ರಶಸ್ತಿ ಬಂದದ್ದು ಮುಂದಿನ ವರ್ಷ. 2016ರ ನವೆಂಬರ್ 30ರಂದು ಮೆಲ್ಬರ್ನ್‌ನ ತಮ್ಮ ಮೈದಾನದಲ್ಲಿ ಸಿಡ್ನಿ ಎಫ್‌ಸಿ ವಿರುದ್ಧ ನಡೆದ ಎಫ್‌ಎಫ್‌ಎ ಕಪ್ (ಆಸ್ಟ್ರೇಲಿಯಾದ ರಾಷ್ಟ್ರೀಯ ಕಪ್) ಫೈನಲ್‌ನಲ್ಲಿ ಟಿಮ್ ಕೇಹಿಲ್ ತಲೆಯಿಂದ ಹೊಡೆದ ಒಂದೇ ಗೋಲು ಫಲಿತಾಂಶ ನಿರ್ಧರಿಸಿತು. ಮೂವತ್ತಾರರ ಕೇಹಿಲ್, ತನಗಿಂತ ಎತ್ತರದ ರಕ್ಷಕರ ನಡುವೆ, ಅಂಚಿನಿಂದ ಬಂದ ಕ್ರಾಸ್‌ಗೆ ಮೇಲೆದ್ದು ಹೊಡೆದ ಗೋಲು ಅದು. ಕ್ಲಬ್ಬಿನ ಪುರುಷರ ತಂಡಕ್ಕೆ ದೊರೆತ ಮೊದಲ ಪ್ರಶಸ್ತಿ. ಮುಖ್ಯ ಕೋಚ್ ಆಗಿ ವಾನ್ ಟ್ ಸ್ಕಿಪ್ ಗೆದ್ದ ದೊಡ್ಡ ಕಪ್ ಕೂಡ ಅದೇ. ಒಂದೆರಡು ತಿಂಗಳಲ್ಲಿ, 2017ರ ಜನವರಿಯಲ್ಲಿ, ನೆದರ್‌ಲೆಂಡ್ಸ್‌ನಲ್ಲಿದ್ದ ತಂದೆಯ ಕಾಯಿಲೆ ಗುಣವಾಗದ ಹಂತ ತಲುಪಿದ್ದರಿಂದ ಅವರು ಹುದ್ದೆ ಬಿಟ್ಟು ಊರಿಗೆ ಹೋದರು. ಋತುವಿನ ನಡುವೆ, ಕಪ್ ಗೆದ್ದ ಬೆನ್ನಲ್ಲೇ, ತಾನಾಗಿ ಎದ್ದು ಹೋದ ಕೋಚ್‌ಗಳು ಈ ವೃತ್ತಿಯಲ್ಲಿ ವಿರಳ.

ಊರಿನಲ್ಲಿ ಪೆಕ್ ಜ್ವೊಲ್ಲೆ ತಂಡದೊಂದಿಗೆ ಒಂದೂವರೆ ವರ್ಷ ಕೆಲಸ ಮಾಡಿದರು. ಮೊದಲ ಋತುವಿನ ಅರ್ಧ ಚೆನ್ನಾಗಿತ್ತು, ಎರಡನೆಯ ಋತುವಿನ ಡಿಸೆಂಬರ್‌ನಲ್ಲಿ ಹುದ್ದೆ ಹೋಯಿತು. ಇದರಲ್ಲಿ ಹೆಚ್ಚು ಹೇಳುವಂಥದ್ದಿಲ್ಲ.

2019ರ ಜುಲೈನಲ್ಲಿ ಗ್ರೀಸ್ ಅವರನ್ನು ಕರೆಯಿತು. 2004ರಲ್ಲಿ ಒಟ್ಟೊ ರೇಹಾಗೆಲ್ ಅವರ ಕೈಕೆಳಗೆ ಗೋಡೆ ಕಟ್ಟಿ ಆಡಿ ಯೂರೋ ಗೆದ್ದ ದೇಶ ಅದು. ರಕ್ಷಣೆ ಅಲ್ಲಿನ ಫುಟ್‌ಬಾಲಿನ ಹೆಮ್ಮೆ. ಬಂದ ಹೊಸದರಲ್ಲಿ ಫಿನ್‌ಲೆಂಡ್‌ಗೆ ಸೋಲು, ಲೀಕ್ಟೆನ್‌ಸ್ಟೈನ್ ಎದುರು ಸಮಬಲದ ಅವಮಾನ ಎರಡೂ ಆದವು. ಆಗ ಅವರು ಸೊಕ್ರಾಟಿಸ್ ಪಾಪಸ್ಟಥೊಪೌಲೊಸ್, ಕೊಸ್ಟಾಸ್ ಮನೊಲಾಸ್ ಅವರಂತಹ ಹೆಸರಾಂತ ರಕ್ಷಕರನ್ನು ಹೊರಗಿಟ್ಟು ಕಿರಿಯರನ್ನು ತಂದರು. ಮೃದು ಮಾತಿನ ಮನುಷ್ಯನೆಂದು ಹೆಸರಾದವರು ತೆಗೆದುಕೊಂಡ ಅತಿ ಗಟ್ಟಿ ನಿರ್ಧಾರ ಇದೇ ಇರಬೇಕು. ತಂಡ ಬದಲಾಯಿತು: ಯೆರೆವಾನ್‌ನಲ್ಲಿ ಅರ್ಮೇನಿಯಾವನ್ನು ಸೋಲಿಸಿತು, ಫಿನ್‌ಲೆಂಡ್‌ಗೆ ಸೇಡು ತೀರಿಸಿತು, 2021ರ ಮಾರ್ಚ್‌ನಲ್ಲಿ ಗ್ರಾನಡಾದಲ್ಲಿ ಸ್ಪೇನ್ ಜೊತೆ 1–1 ಸಮ ಮಾಡಿತು, ಸೆಪ್ಟೆಂಬರ್‌ನಲ್ಲಿ ಸ್ವೀಡನ್‌ನನ್ನು 2–1ರಿಂದ ಗೆದ್ದಿತು. ಆದರೆ ಯಾವ ದೊಡ್ಡ ಪಂದ್ಯಾವಳಿಗೂ ಅರ್ಹತೆ ಸಿಗಲಿಲ್ಲ. 2021ರ ಕೊನೆಗೆ ಅವರ ಅವಧಿ ಮುಗಿಯಿತು. ಅವರು ಕಟ್ಟಿದ ಆ ಕಿರಿಯರ ತಂಡದ ಫಲವನ್ನು ಮುಂದೆ ಬಂದ ಕೋಚ್‌ಗಳು ಉಂಡರು.

2023ರ ಅಕ್ಟೋಬರ್ ಕೊನೆಯಲ್ಲಿ ಅಯಾಕ್ಸ್ ಕ್ಲಬ್ಬಿನ ಸ್ಥಿತಿ ಹೇಳುವಂತಿರಲಿಲ್ಲ. ಬೇಸಿಗೆಯಲ್ಲಿ ದುಡ್ಡು ಸುರಿದು ಆಟಗಾರರನ್ನು ಕೊಂಡ ತಾಂತ್ರಿಕ ನಿರ್ದೇಶಕ ಸ್ವೆನ್ ಮಿಸ್ಲಿಂಟಾಟ್ ಸೆಪ್ಟೆಂಬರ್‌ನಲ್ಲೇ ವಜಾ ಆಗಿದ್ದರು, ಕೋಚ್ ಮೌರಿಸ್ ಸ್ಟೈನ್ ಅಕ್ಟೋಬರ್ 23ರಂದು ಹೋದರು. ಪಿಎಸ್‌ವಿ ಎದುರು 5–2ರಿಂದ ಸೋತ ದಿನ ಲೀಗಿನ ಹದಿನೆಂಟು ತಂಡಗಳಲ್ಲಿ ಅಯಾಕ್ಸ್ ಹದಿನೆಂಟನೆಯದಾಗಿತ್ತು. ಅರವತ್ತರ ಹೊಸ್ತಿಲಲ್ಲಿದ್ದ ವಾನ್ ಟ್ ಸ್ಕಿಪ್ ಅವರಿಗೆ ಋತುವಿನ ಕೊನೆಯವರೆಗೆ ತಂಡವನ್ನು ವಹಿಸಲಾಯಿತು. ಸಹಾಯಕರಾಗಿ ಬಂದವರಲ್ಲಿ ಮೆಲ್ಬರ್ನ್, ಜ್ವೊಲ್ಲೆ, ಗ್ರೀಸ್ ಎಲ್ಲೆಡೆ ಜೊತೆಗಿದ್ದ ಮೈಕೆಲ್ ವಲ್ಕಾನಿಸ್ ಇದ್ದರು.

ಮೊದಲ ಕೆಲವು ವಾರ ಗೆಲುವುಗಳು ಬಂದವು, ತಂಡ ಪಟ್ಟಿಯಲ್ಲಿ ಮೇಲೇರಿತು. ಆಮೇಲೆ ಡಿಸೆಂಬರ್ 21. ಡಚ್ ಕಪ್‌ನಲ್ಲಿ ಉಟ್ರೆಕ್ಟ್ ನಗರದ ಯುಎಸ್‌ವಿ ಹರ್ಕ್ಯುಲಿಸ್ ಎಂಬ ನಾಲ್ಕನೆಯ ದರ್ಜೆಯ ಹವ್ಯಾಸಿ ತಂಡ, ಹಗಲು ಬೇರೆ ನೌಕರಿ ಮಾಡಿ ಸಂಜೆ ಅಭ್ಯಾಸಕ್ಕೆ ಬರುವವರ ತಂಡ, ಅಯಾಕ್ಸ್ ವಿರುದ್ಧ ಎರಡು ಗೋಲು ಮುಂದೆ ಹೋಯಿತು. ಅಯಾಕ್ಸ್ ಹೇಗೋ 2–2 ಮಾಡಿಕೊಂಡಿತು. ಕೊನೆಯ ಗಳಿಗೆಯಲ್ಲಿ ಹರ್ಕ್ಯುಲಿಸ್ ಮೂರನೆಯ ಗೋಲು ಹೊಡೆಯಿತು. ನಾಲ್ಕು ಸಲ ಯುರೋಪಿಯನ್ ಕಪ್ ಗೆದ್ದ ಕ್ಲಬ್ಬಿನ ಚರಿತ್ರೆಯಲ್ಲಿ ಅಂಥ ಸೋಲು ಹಿಂದೆಂದೂ ಆಗಿರಲಿಲ್ಲ. ಏಪ್ರಿಲ್‌ನಲ್ಲಿ ರೋಟರ್‌ಡ್ಯಾಮ್‌ನಲ್ಲಿ ಫೆಯೆನೂರ್ಡ್ 6–0ಯಿಂದ ಮಣ್ಣು ಮುಕ್ಕಿಸಿತು. ಅದೇ ತಿಂಗಳ ಆರಂಭದಲ್ಲಿ ಹೊಸ ಮುಖ್ಯಾಧಿಕಾರಿ ಅಲೆಕ್ಸ್ ಕ್ರೂಸ್, ತಮ್ಮ ನೇಮಕ ಪ್ರಕಟವಾಗುವ ಮೊದಲೇ ಕ್ಲಬ್ಬಿನ ಷೇರು ಕೊಂಡಿದ್ದರೆಂಬ ಕಾರಣಕ್ಕೆ ಅಮಾನತಾಗಿದ್ದರು. ಕಚೇರಿ, ಮೈದಾನ ಎರಡೂ ಕಡೆ ಸೋರುತ್ತಿದ್ದ ಕ್ಲಬ್ಬನ್ನು ವಾನ್ ಟ್ ಸ್ಕಿಪ್ 56 ಅಂಕಗಳೊಂದಿಗೆ ಐದನೆಯ ಸ್ಥಾನಕ್ಕೆ ತಂದು ನಿಲ್ಲಿಸಿದರು. ಚಾಂಪಿಯನ್ ಆದ ಪಿಎಸ್‌ವಿಗೆ 91 ಅಂಕ.

ಐದನೆಯ ಸ್ಥಾನವನ್ನು ಅಯಾಕ್ಸ್ ಅಭಿಮಾನಿಗಳು ಸಾಧನೆ ಎನ್ನುವುದಿಲ್ಲ, ಅವರನ್ನು ದೂರುವಂತೆಯೂ ಇಲ್ಲ. ಆದರೆ ಕೊನೆಯ ಸ್ಥಾನದಿಂದ ಐದಕ್ಕೆ ತರುವಾಗ ಅವರು ಬಳಸಿದ ಆಟ ಆಕರ್ಷಕವಾಗಿರಲಿಲ್ಲ, ಎಚ್ಚರಿಕೆಯದಾಗಿತ್ತು ಎಂಬ ಟೀಕೆಗೆ ನನ್ನ ಸಹಮತವಿದೆ. ಅಗಲಿಸಿ ಆಡುವ ಪದ್ಧತಿಗೆ ಧೈರ್ಯವಿರುವ ರಕ್ಷಕರು ಬೇಕು; ಚೆಂಡು ಕಳೆದುಕೊಂಡ ಕ್ಷಣದಲ್ಲಿ ಹಿಂದೆ ಉಳಿಯುವುದು ದೊಡ್ಡ ಬಯಲು, ಅದನ್ನು ಇಬ್ಬರು ಮೂವರು ಕಾಯಬೇಕು. ಆತ್ಮವಿಶ್ವಾಸ ಕಳೆದುಕೊಂಡ ತಂಡಕ್ಕೆ ಅದನ್ನು ಹೇರಿದರೆ ಫಲಿತಾಂಶ 6–0 ಆಗುತ್ತದೆ. ಆ ಋತುವಿನಲ್ಲಿ ಅವರ ಒಳ್ಳೆಯ ನಿರ್ಧಾರವೆಂದರೆ ಹದಿನೇಳರ ಹುಡುಗ ಯೊರೆಲ್ ಹಾಟೊನ ತೋಳಿಗೆ ನಾಯಕನ ಪಟ್ಟಿ ಕಟ್ಟಿದ್ದು. ಹದಿಹರೆಯದಲ್ಲೇ ಹಿರಿಯರ ತಂಡಕ್ಕೆ ಬಂದು ಕ್ರೈಫ್ ಪಕ್ಕದಲ್ಲಿ ಆಡಿದವರಿಗೆ ವಯಸ್ಸಿನ ಲೆಕ್ಕ ಬೇರೆಯೇ ಇದ್ದೀತು. ಹಾಟೊ 2025ರಲ್ಲಿ ಚೆಲ್ಸಿಗೆ ಹೋದ.

ಅವರ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಅವರನ್ನು ಬೆಂಕಿ ಆರಿಸಲು ಕರೆಯುವ ಮನುಷ್ಯ ಎನ್ನುತ್ತಾರೆ. ದಾಖಲೆ ನೋಡಿದರೆ ನನಗೆ ತದ್ವಿರುದ್ಧವಾಗಿ ಕಾಣುತ್ತದೆ. ತುರ್ತಿಗೆ ಕರೆಸಿದ ಕಡೆ, ಚಿವಾಸ್ ಇರಲಿ, 2009 ಮತ್ತು 2023ರ ಅಯಾಕ್ಸ್ ಇರಲಿ, ಅವರ ಕೆಲಸ ತೇಪೆ ಹಾಕುವುದರಲ್ಲೇ ಮುಗಿದಿದೆ. ಕಾಲಾವಕಾಶ ಸಿಕ್ಕ ಕಡೆ, ಅಂದರೆ ಮೆಲ್ಬರ್ನ್‌ನಲ್ಲಿ ಮತ್ತು ಅರ್ಧಂಬರ್ಧವಾಗಿ ಗ್ರೀಸ್‌ನಲ್ಲಿ, ತಂಡಕ್ಕೆ ಒಂದು ಮುಖ ಬಂದಿದೆ. ಕಿರಿಯರಿಗೆ ಕಲಿಸುವ ಕೋಚ್‌ನನ್ನು ಫುಟ್‌ಬಾಲ್ ಆಡಳಿತಗಾರರು ಮತ್ತೆ ಮತ್ತೆ ಅಪಘಾತದ ಸ್ಥಳಕ್ಕೇ ಕಳಿಸಿದರು, ಅವರೂ ಇಲ್ಲವೆನ್ನದೆ ಹೋದರು.

2025ರ ಆರಂಭದಲ್ಲಿ ಅವರು ಅರ್ಮೇನಿಯಾ ರಾಷ್ಟ್ರೀಯ ತಂಡದ ಕೋಚ್ ಆದರು. ಮಾರ್ಚ್‌ನಲ್ಲಿ ನೇಷನ್ಸ್ ಲೀಗ್ ಪ್ಲೇಆಫ್‌ನಲ್ಲಿ ನೆರೆಯ ಜಾರ್ಜಿಯಾ ಎದುರು ಯೆರೆವಾನ್‌ನಲ್ಲಿ 3–0, ಟಿಬಿಲಿಸಿಯಲ್ಲಿ 6–1 ಅಂತರದ ಸೋಲಾಯಿತು. ಜಾರ್ಜಿಯಾ ಪರ ಎಡ ಅಂಚಿನಲ್ಲಿ ಆಡುವವನು ಖ್ವಿಚಾ ಕ್ವಾರಾತ್ಸ್‌ಖೇಲಿಯಾ. ಇಂದಿನ ಆಟದಲ್ಲಿ ಎದುರಾಳಿಯನ್ನು ನೇರವಾಗಿ ಎದುರಿಸಿ, ನಿಲ್ಲಿಸಿ, ವಾಲಿಸಿ ದಾಟುವ ಹಳೆಯ ಕಾಲದ ವಿಂಗರ್‌ಗಳಿಗೆ ಅತಿ ಹತ್ತಿರದವನು. ವಾನ್ ಟ್ ಸ್ಕಿಪ್ ಅವರ ಅರ್ಮೇನಿಯಾ ಹುದ್ದೆ ಅದೇ ವರ್ಷ ಮುಗಿಯಿತು.